ಹಾರ್ಡ್‌ಡಿಸ್ಕ್ ಎಜೆಕ್ಟ್ ಆಗದಿದ್ದರೆ ಹಿಡಿದುಕೊಂಡದ್ದು ಯಾವ ಪ್ರೋಗ್ರಾಂ ಎಂದು ಹುಡುಕುವುದು ಹೇಗೆ?

ಪ್ರಶ್ನೆ (ಶಿರಸಿ): ಯಕ್ಷಗಾನದ ರೆಕಾರ್ಡಿಂಗ್ ಎಡಿಟ್ ಮಾಡುವ ಕಂಪ್ಯೂಟರ್, ವಿಂಡೋಸ್ 10. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ 2 ಟಿಬಿ, ಎಕ್ಸ್‌ಫ್ಯಾಟ್ ಫಾರ್ಮ್ಯಾಟ್, ಇ ಡ್ರೈವ್ ಅಂತ ಕಾಣ್ತದೆ. ಎಡಿಟರ್ ಮುಚ್ಚಿದ್ದಾಯ್ತು, ಫೋಲ್ಡರ್ ಎಲ್ಲಾ ಮುಚ್ಚಿದ್ದಾಯ್ತು. ಆದ್ರೂ ಎಜೆಕ್ಟ್ ಕೊಟ್ರೆ ‘ಡಿವೈಸ್ ಈಸ್ ಕರೆಂಟ್ಲಿ ಇನ್ ಯೂಸ್’ ಅಂತಲೇ ಬರ್ತದೆ. ಹೊನ್ನಾವರದ ಬಸ್ಸಿಗೆ ಡಿಸ್ಕ್ ಕೊಟ್ಟು ಕಳಿಸ್ಬೇಕು. ಹಾಗೇ ಕಿತ್ತರೆ ಏನಾಗ್ತದೆ?

ಉತ್ತರ: ಹೆಗಡೇರೇ, ಕೀಳಬೇಡಿ. ಎಕ್ಸ್‌ಫ್ಯಾಟ್‌ಗೆ ಜರ್ನಲ್ (ಮಾಡಲಿರುವ ಬದಲಾವಣೆಯನ್ನು ಮೊದಲೇ ಬರೆದಿಡುವ ದಾಖಲೆ) ಇಲ್ಲ. ಬರೆಯುವ ನಡುವೆ ಸಂಪರ್ಕ ತಪ್ಪಿದರೆ ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯೇ ಅರ್ಧಕ್ಕೆ ನಿಲ್ಲಬಹುದು. 50 ಎಂಬಿಪಿಎಸ್ (ಸೆಕೆಂಡಿಗೆ 50 ಮೆಗಾಬಿಟ್) ವಿಡಿಯೋ ಗಂಟೆಗೆ 22.5 ಜಿಬಿ ಆಗುತ್ತದೆ, ರಾತ್ರಿಯಿಡೀ ಎಂಟು ಗಂಟೆಯ ಆಟ ಎಂದರೆ 180 ಜಿಬಿ. ಐದು ನಿಮಿಷದ ಅವಸರಕ್ಕೆ ಅದನ್ನು ಒತ್ತೆ ಇಡಬಾರದು.

ಯಾರು ಹಿಡಿದಿದ್ದಾರೆ ಎಂದು ವಿಂಡೋಸೇ ಬರೆದಿಟ್ಟಿರುತ್ತದೆ. ಒಮ್ಮೆ ಎಜೆಕ್ಟ್ ಕೊಟ್ಟು ಆಗಲಿಲ್ಲ ಎನ್ನಿಸಿಕೊಂಡ ಮೇಲೆ ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಕೆಳಗೆ ಸಿಸ್ಟಮ್ ನೋಡಿ. ಮೂಲ ಕರ್ನಲ್-ಪಿಎನ್‌ಪಿ, ಐಡಿ 225 ಇರುವ ಸಾಲಿನಲ್ಲಿ ತಡೆದ ಪ್ರೋಗ್ರಾಮಿನ ಹೆಸರು, ಪ್ರೊಸೆಸ್ ಸಂಖ್ಯೆ ಎರಡೂ ಇರುತ್ತವೆ. ಅಲ್ಲಿ ಕಾಣುವ ಹಾರ್ಡ್‌ಡಿಸ್ಕ್‌ವಾಲ್ಯೂಮ್ ಸಂಖ್ಯೆ ನೋಡಿ ಗೊಂದಲ ಮಾಡಿಕೊಳ್ಳಬೇಡಿ. ಅದು ಆ ಪ್ರೋಗ್ರಾಂ ಇನ್‌ಸ್ಟಾಲ್ ಆಗಿರುವ ಜಾಗ, ನಿಮ್ಮ ಇ ಡ್ರೈವ್ ಅಲ್ಲ.

ಯಾವ ಫೈಲ್ ಎಂದೂ ಬೇಕಾದರೆ ರಿಸೋರ್ಸ್ ಮಾನಿಟರ್ ತೆರೆಯಿರಿ. ಸಿಪಿಯು ಟ್ಯಾಬಿನಲ್ಲಿ ಅಸೋಸಿಯೇಟೆಡ್ ಹ್ಯಾಂಡಲ್ಸ್ ಎಂಬಲ್ಲಿ ಡ್ರೈವಿನ ಅಕ್ಷರ, ಕೋಲನ್, ಹಿಂಬಾಗಿದ ಗೆರೆ (\) ಹಾಕಿ ಹುಡುಕಿದರೆ ತೆರೆದಿರುವ ಫೈಲುಗಳು ಸಾಲಾಗಿ ಬರುತ್ತವೆ. ಎಡಿಟಿಂಗ್ ಕಂಪ್ಯೂಟರಿನಲ್ಲಿ ಹೆಚ್ಚಾಗಿ ಸಿಗುವುದು ಕಿಟಕಿ ಮುಚ್ಚಿದರೂ ಹಿಂದೆ ನಡೆಯುತ್ತಲೇ ಇರುವ ಎಕ್ಸ್‌ಪೋರ್ಟ್ ಅಥವಾ ಮೀಡಿಯಾ ಕ್ಯಾಶ್ ಕೆಲಸ. ಅದು ತಾನಾಗಿ ಮುಗಿಯಲಿ, ಎಂಡ್ ಟಾಸ್ಕ್ ಕೊಟ್ಟರೆ ಆ ಔಟ್‌ಪುಟ್ ಫೈಲ್ ಕೆಡುತ್ತದೆ. ಥಂಬ್‌ನೇಲ್ ಓದುತ್ತ ಕೂತ ಎಕ್ಸ್‌ಪ್ಲೋರರ್ ಆದರೆ ಟಾಸ್ಕ್ ಮ್ಯಾನೇಜರಿನಿಂದ ರೀಸ್ಟಾರ್ಟ್ ಮಾಡಿ, ನಷ್ಟವೇನಿಲ್ಲ. ಆಮೇಲೆ ಟಾಸ್ಕ್ ಮ್ಯಾನೇಜರನ್ನೂ ಮುಚ್ಚಿ. ಎಷ್ಟೋ ಸಲ ಡಿಸ್ಕನ್ನು ಬಿಡದೆ ಇರುವುದು ಅದೇ. ಆಂಟಿವೈರಸ್ ಸ್ಕ್ಯಾನ್, ಸರ್ಚ್ ಇಂಡೆಕ್ಸರ್ ಕೂಡ ಹೀಗೆ ಹಿಡಿಯುತ್ತವೆ.

ಪ್ರೊಸೆಸ್ ಸಂಖ್ಯೆ 4, ಹೆಸರು ಸಿಸ್ಟಮ್ ಎಂದು ಬಂದರೆ ಅದನ್ನು ಕೊಲ್ಲಲು ಹೋಗಬೇಡಿ, ಅದು ಕರ್ನಲ್, ಅಂದರೆ ವಿಂಡೋಸಿನ ತಿರುಳು. ಆಗ ನೋಡಬೇಕಾದ್ದು ಬೇರೆ: ಆ ಡಿಸ್ಕಿನಲ್ಲಿರುವ ಐಎಸ್‌ಒ (ಇಡೀ ಡಿಸ್ಕಿನ ಪ್ರತಿಯಾದ ಒಂದು ಫೈಲ್) ಮೌಂಟ್ ಆಗಿ ಡ್ರೈವಿನಂತೆ ತೆರೆದಿದೆಯೇ, ಪೇಜ್ ಫೈಲ್ (ಮೆಮೊರಿ ಸಾಲದಾಗ ವಿಂಡೋಸ್ ಬಳಸುವ ಫೈಲ್) ಅಲ್ಲಿಟ್ಟಿದ್ದೀರಾ, ಪಕ್ಕದ ಕಂಪ್ಯೂಟರಿನವರು ಶೇರ್ ಮೂಲಕ ಫೈಲ್ ತೆರೆದಿದ್ದಾರೆಯೇ. ಯಾವುದೂ ಸಿಗದಿದ್ದರೆ ಎಲ್ಲ ಸೇವ್ ಮಾಡಿ, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಡಿಸ್ಕ್ 1, ಡಿಸ್ಕ್ 2 ಎಂದಿರುವ ಚೌಕದ ಮೇಲೆ ರೈಟ್‌ಕ್ಲಿಕ್ ಮಾಡಿ ಆಫ್‌ಲೈನ್ ಕೊಡಿ. ಗಾತ್ರ ನೋಡಿ ಸರಿಯಾದ ಡಿಸ್ಕ್ ಎಂದು ಖಾತ್ರಿ ಮಾಡಿಕೊಳ್ಳಿ. ಅದೇ ಕಂಪ್ಯೂಟರಿಗೆ ಮತ್ತೆ ಜೋಡಿಸಿದಾಗ ಕಾಣದಿದ್ದರೆ ಅಲ್ಲೇ ಆನ್‌ಲೈನ್ ಕೊಟ್ಟರಾಯಿತು. ಪೆನ್‌ಡ್ರೈವಿಗೆ ಈ ಆಯ್ಕೆ ಸಿಗುವುದಿಲ್ಲ.

ಶಿರಸಿ: ಶಟ್‌ಡೌನ್ ಮಾಡಿ ಕಿತ್ತರೆ ಸಾಕಲ್ವಾ?

ಉತ್ತರ: ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಅದು ಪೂರ್ತಿ ಶಟ್‌ಡೌನ್ ಅಲ್ಲ, ಕರ್ನಲಿನ ಸ್ಥಿತಿಯನ್ನು ಬರೆದಿಟ್ಟು ಮಲಗಿಸಿದ ಹಾಗೆ. ಶಿಫ್ಟ್ ಕೀ ಒತ್ತಿಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿ, ಆಗ ಪೂರ್ತಿ ಮುಚ್ಚುತ್ತದೆ. ಡಿಸ್ಕಿನ ದೀಪ ಆರಿದ ಮೇಲೆ ತೆಗೆಯಿರಿ.

ಪ್ರಶ್ನೆ (ಕಾರವಾರ): ನಮ್ಮಲ್ಲಿ ಉಬುಂಟು. ‘ಟಾರ್ಗೆಟ್ ಈಸ್ ಬ್ಯುಸಿ’ ಬಂದಾಗ ಡಿಸ್ಕ್ ಬಿಡಿಸ್ಲಿಕ್ಕೆ ಯುಮೌಂಟ್ -ಎಲ್ ಕೊಡಿ ಅಂತಾರೆ. ಸರಿಯಾ?

ಉತ್ತರ: ನಾಯ್ಕರೇ, ಅದು ಹೆಸರನ್ನು ಮಾತ್ರ ತೆಗೆಯುತ್ತದೆ. ಫೈಲ್ ತೆರೆದಿಟ್ಟ ಪ್ರೋಗ್ರಾಂ ಮುಚ್ಚುವ ತನಕ ಫೈಲ್‌ಸಿಸ್ಟಮ್ ಒಳಗೇ ಜೀವಂತ, ಬರೆಯುವುದೂ ನಡೆದಿರುತ್ತದೆ. ಆಯ್ತೆಂದು ಕಿತ್ತರೆ ಡೇಟಾ ಹೋಯಿತು. ಅದಕ್ಕಿಂತ ಕೆಟ್ಟದ್ದು, ಇನ್ನೂ ಹಿಡಿದಿರುವ ಪ್ರೋಗ್ರಾಮನ್ನು ಹುಡುಕುವುದೂ ಆಮೇಲೆ ಕಷ್ಟ.

ಮೊದಲು ಸುಡೊ (ಅಡ್ಮಿನ್ ಅಧಿಕಾರದಲ್ಲಿ ನಡೆಸುವ ಕಮಾಂಡ್) ಸೇರಿಸಿ, ಯಾರು ಹಿಡಿದಿದ್ದಾರೆಂದು ತೋರಿಸುವ ಫ್ಯೂಸರ್ -ವಿಎಂ, ಮುಂದೆ ಮೌಂಟ್ ಆದ ಫೋಲ್ಡರಿನ ದಾರಿ ಕೊಡಿ. ಸುಡೊ ಇಲ್ಲದಿದ್ದರೆ ಬೇರೆ ಬಳಕೆದಾರರ ಪ್ರೊಸೆಸ್ ಕಾಣುವುದಿಲ್ಲ. ಫಲಿತಾಂಶದಲ್ಲಿ ಸಣ್ಣ ಸಿ ಇದ್ದರೆ ಯಾವುದೋ ಟರ್ಮಿನಲ್ ಆ ಫೋಲ್ಡರಿನೊಳಗೇ ನಿಂತಿದೆ ಎಂದರ್ಥ. ಸಿಡಿ ಕೊಟ್ಟು ಹೊರಬಂದರೆ ಮುಗಿಯಿತು, ಬಹುಪಾಲು ಕಾರಣ ಇಷ್ಟೇ. ದೊಡ್ಡ ಎಫ್ ಎಂದರೆ ಬರೆಯಲು ತೆರೆದ ಫೈಲ್, ಸಣ್ಣ ಇ ಎಂದರೆ ಅಲ್ಲಿಂದಲೇ ಓಡುತ್ತಿರುವ ಪ್ರೋಗ್ರಾಂ.

ಫ್ಯೂಸರ್ -ಕೆ (ಹಿಡಿದಿರುವ ಪ್ರೊಸೆಸ್‌ಗಳನ್ನು ಕೊಲ್ಲುವ ಆಯ್ಕೆ) ಬಳಸುವುದಾದರೆ ದೊಡ್ಡಕ್ಷರದ -ಎಂ ಕೂಡ ಸೇರಿಸಲೇಬೇಕು. ಕೊಟ್ಟ ದಾರಿ ಮೌಂಟ್ ಪಾಯಿಂಟ್ ಅಲ್ಲದಿದ್ದರೆ, ಸಣ್ಣ ಎಂ ಮಾತ್ರ ಹಾಕಿದಾಗ ಆ ಫೋಲ್ಡರ್ ಇರುವ ಇಡೀ ಫೈಲ್‌ಸಿಸ್ಟಮ್ ಬಳಸುವ ಪ್ರೊಸೆಸ್‌ಗಳೆಲ್ಲ ಸಾಯುತ್ತವೆ. ಅದು ರೂಟ್ (ಉಬುಂಟುವೇ ಇರುವ ಮೂಲ ಫೈಲ್‌ಸಿಸ್ಟಮ್) ಆಗಿದ್ದರೆ ಕಂಪ್ಯೂಟರೇ ಕೈಬಿಟ್ಟಂತೆ.

ಪಟ್ಟಿ ಖಾಲಿ ಬಂದೂ ಬ್ಯುಸಿ ಎಂದರೆ ಸ್ವಾಪ್ ಫೈಲ್ (ವಿಂಡೋಸಿನ ಪೇಜ್ ಫೈಲಿನಂಥದ್ದು), ಲೂಪ್ ಡಿವೈಸ್ (ಡಿಸ್ಕಿನಂತೆ ತೆರೆದ ಫೈಲ್), ಒಳಗಡೆ ಇನ್ನೊಂದು ಮೌಂಟ್, ಎನ್‌ಎಫ್‌ಎಸ್ ಎಕ್ಸ್‌ಪೋರ್ಟ್ (ನೆಟ್‌ವರ್ಕಿನಲ್ಲಿ ಹಂಚಿದ ಫೋಲ್ಡರ್) ಇವುಗಳಲ್ಲಿ ಒಂದಿರುತ್ತದೆ. ಸ್ವಾಪನ್ --ಶೋ, ಲೋಸೆಟಪ್ -ಎ, ಫೈಂಡ್‌ಎಂಎನ್‌ಟಿ, ಎಕ್ಸ್‌ಪೋರ್ಟ್‌ಎಫ್‌ಎಸ್ ಒಂದೊಂದನ್ನೂ ನೋಡಿ. ಯುಮೌಂಟ್ ಕೊಟ್ಟ ಮೇಲೆ ಪ್ರಾಂಪ್ಟ್ ಮರಳದೆ ಸುಮ್ಮನೆ ನಿಂತಿದ್ದರೆ ಅದು ದೋಷವಲ್ಲ. ಮೆಮೊರಿಯಲ್ಲಿ ಉಳಿದದ್ದು ಡಿಸ್ಕಿಗೆ ಇಳಿಯುತ್ತಿರುತ್ತದೆ, ಕಾಯಿರಿ.

ಪ್ರಶ್ನೆ (ಕುಮಟಾ): ಮಳೆಗೆ ಕರೆಂಟ್ ಹೋಗಿ ಕಾಪಿ ನಡುವೆಯೇ ನಿಂತೋಯ್ತು. ಈಗ ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ’ ಅಂತ ಕೇಳ್ತಾ ಉಂಟು.

ಉತ್ತರ: ಕ್ಯಾನ್ಸಲ್ ಕೊಡಿ. ಡಿಸ್ಕ್ ಟಕಟಕ ಸದ್ದು ಮಾಡಿದರೆ ಅಥವಾ ಓದುವುದೇ ವಿಪರೀತ ನಿಧಾನವಾದರೆ ಅಲ್ಲಿಗೇ ನಿಲ್ಲಿಸಿ, ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ. ಸದ್ದಿಲ್ಲದಿದ್ದರೆ, ಡೇಟಾಕ್ಕೆ ಬೇರೆ ಪ್ರತಿ ಇಲ್ಲದ ಪಕ್ಷದಲ್ಲಿ ಮೊದಲು ಇಡೀ ಡಿಸ್ಕಿನ ಇಮೇಜ್ (ಪೂರ್ತಿ ನಕಲು) ತೆಗೆಯಿರಿ. ಆಮೇಲಷ್ಟೇ ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ಚೆಕ್‌ಡಿಸ್ಕ್ (chkdsk), ಡ್ರೈವಿನ ಅಕ್ಷರ, ಕೋಲನ್, /ಎಫ್ ಕೊಡಿ. ಇದು ಡಿಸ್ಕಿನ ಮೇಲೇ ತಿದ್ದುತ್ತದೆ, ಹಿಂದಕ್ಕೆ ಬರಲು ದಾರಿಯಿಲ್ಲ. ಮುಗಿದ ಮೇಲೆ ಫೌಂಡ್.000 ಎಂಬ ಅಡಗಿದ ಫೋಲ್ಡರ್ ಬಂದಿದ್ದರೆ ಅಳಿಸಬೇಡಿ. ಹೆಸರು ಕಳೆದುಕೊಂಡ ತುಣುಕುಗಳು .ಸಿಎಚ್‌ಕೆ ಫೈಲುಗಳಾಗಿ ಅದರೊಳಗೆ ಇರುತ್ತವೆ. ಗಾತ್ರ ದೊಡ್ಡದಿರುವ ಫೈಲಿನ ಪ್ರತಿಗೆ .ಎಂಪಿ4 ಎಂದು ಹೆಸರು ಬದಲಿಸಿ ಪ್ಲೇ ಮಾಡಿ ನೋಡಿ.