ಭಾಗ್ಯಾ, ಕೂಸಿನ ಹಲ್ಲಿನ ಬಗ್ಗೆ ಕೇಳಿದ್ದೆಯಲ್ಲ

ಭಾಗ್ಯಾ, ಬೆಳಗ್ಗೆ ನೀನು ಗ್ರೂಪಲ್ಲಿ ಹಾಕಿದ್ದನ್ನು ಈಗ ನೋಡಿದೆ. ರೊಟ್ಟಿ ಬಡಿಯುತ್ತಾ ಹೇಳುತ್ತಿದ್ದೇನೆ, ಹಿಂದೆ ಸಪ್ಪಳ ಬಂದರೆ ಬೈಬೇಡ. ಕೂಸಿಗೆ 14 ತಿಂಗಳು, ಆರು ಹಲ್ಲು ಬಂದಿವೆ, ಈಗಲೇ ಉಜ್ಜಬೇಕಾ ಅಂತ ಕೇಳಿದ್ದೀಯ. ಅತ್ತೆ, ಹಾಲುಹಲ್ಲು ಹೆಂಗೂ ಬೀಳ್ತಾವ ಬಿಡು ಅಂತಾರೆ. ನಿಮ್ಮವರು, ನಮ್ಮ ಬೋರಿನ ನೀರಲ್ಲೇ ಫ್ಲೋರೈಡ್ ಇದೆ, ಮೇಲೆ ಅದೇ ಇರೋ ಪೇಸ್ಟ್ ಬೇರೆ ಯಾಕೆ ಅಂತಾರೆ.

ಉಜ್ಜಬೇಕು. ಮೊದಲ ಹಲ್ಲು ತಲೆ ಹೊರಗೆ ಹಾಕಿದ ದಿನದಿಂದಲೇ ಶುರು ಮಾಡಬೇಕಿತ್ತು, ಆದರೂ ಏನೂ ತಡವಾಗಿಲ್ಲ.

ಅತ್ತೆಯ ಮಾತನ್ನೇ ನಾನೂ ನಂಬಿ ಕೆಟ್ಟವಳು. ನಮ್ಮ ದೊಡ್ಡವನು ಬಾಯಲ್ಲಿ ಬಾಟಲಿ ಇಲ್ಲದೆ ಮಲಗುತ್ತಿರಲಿಲ್ಲ, ನೆನಪಿದೆಯಾ? ಅದರಲ್ಲೂ ಸಕ್ಕರೆ ಹಾಕಿದ ಹಾಲು. ಮೇಲಿನ ಮುಂದಿನ ನಾಲ್ಕು ಹಲ್ಲಿನ ಬುಡದಲ್ಲಿ ಸುಣ್ಣ ಬಳಿದಂಥ ಬಿಳಿ ಗೆರೆ ಬಂತು, ಹಾಲು ಅಂಟಿದೆ ಅಂತ ಸುಮ್ನೆ ಇದ್ದೆ. ಆಮೇಲೆ ಕಂದು ಬಣ್ಣ, ಆಮೇಲೆ ಚೂರುಚೂರಾಗಿ ಉದುರಿದವು. ಕೆಳಗಿನವು ಮಾತ್ರ ಗಟ್ಟಿ! ಚೀಪುವಾಗ ನಾಲಗೆ ಕೆಳಗಿನ ಹಲ್ಲನ್ನು ಮುಚ್ಚಿಕೊಂಡಿರುತ್ತದಂತೆ, ಹಾಲೆಲ್ಲ ಮೇಲಿನವಕ್ಕೇ ನಿಲ್ಲುತ್ತದೆ, ನಿದ್ದೆಯಲ್ಲಿ ಜೊಲ್ಲೂ ಕಡಿಮೆ, ತೊಳೆಯೋದು ಯಾರು? ಆ ವರ್ಷ ಶರಣಬಸವೇಶ್ವರ ಜಾತ್ರೆಯಲ್ಲಿ ಬೆಂಡು ಬತ್ತಾಸು ಕೊಡಿಸಿದರೆ ಕಚ್ಚಲು ಬರದೆ ನನ್ನ ಮುಖ ನೋಡುತ್ತಾ ನಿಂತಿದ್ದ.

ಬೀಳ್ತಾವ ನಿಜ. ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ. ಆದರೆ ಹಾಲಿನ ದವಡೆ ಹಲ್ಲು ಹತ್ತು ಹನ್ನೆರಡು ವರ್ಷದ ತನಕ ಬೇಕು, ಅಲ್ವಾ? ಅವು ಮೊದಲೇ ಹೋದರೆ ಪಕ್ಕದವು ವಾಲಿ ಜಾಗ ಹಿಡಿಯುತ್ತವೆ, ಹೊಸ ಹಲ್ಲು ಓರೆಕೋರೆ ಬರುತ್ತದೆ.

ಇನ್ನು ನಿಮ್ಮವರ ಮಾತು. ಅದು ತೆಗೆದುಹಾಕುವಂಥದ್ದಲ್ಲ. ಯಾದಗಿರಿ ಕಡೆ ಎಷ್ಟೋ ಊರಲ್ಲಿ ಬೋರಿನ ನೀರಲ್ಲಿ ಫ್ಲೋರೈಡ್ ಜಾಸ್ತಿಯೇ, ಹಲ್ಲಿಗೆ ಹಳದಿ ಪಟ್ಟೆ ಬಿದ್ದವರನ್ನು ನಾವೇ ನೋಡಿದ್ದೇವೆ. ಆದರೆ ಆ ಪಟ್ಟೆ ಬರೋದು ಹಲ್ಲು ಒಸಡಿನೊಳಗೆ ತಯಾರಾಗುವಾಗ ದಿನಾ ಹೊಟ್ಟೆಗೆ ಹೋದದ್ದರಿಂದ. ಹಾಗಾಗಿ ಮೊದಲು ನೋಡಬೇಕಾದ್ದು ಕುಡಿಯುವ ನೀರು, ಹಾಲಿನ ಪುಡಿ ಕಲಸುವ ನೀರು. ಟೆಸ್ಟ್ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಿದ್ದರೆ ಕೂಸಿಗೆ ಆ ನೀರು ಬೇಡ. ಕುದಿಸಿದರೆ ಹೋಗುತ್ತದೆ ಅಂತ ಅತ್ತೆ ಹೇಳಿದರೆ ಕೇಳಬೇಡ, ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಪೇಸ್ಟು ಅಕ್ಕಿಕಾಳಿನಷ್ಟು ಮಾತ್ರ, ಟಿವಿ ಜಾಹೀರಾತಿನ ಹಾಗೆ ಬ್ರಷ್ ತುಂಬಾ ಅಲ್ಲ. ಮೂರು ವರ್ಷ ದಾಟಿದ ಮೇಲೆ ಬಟಾಣಿಯಷ್ಟು. ಟ್ಯೂಬು ಕೈಗೆ ಸಿಗದ ಹಾಗೆ ಇಡು, ಸಿಹಿ ಅಂತ ಚೀಪಿಬಿಡುತ್ತವೆ. ಹಲ್ಲಿನ ಡಾಕ್ಟರ್ ಹತ್ತಿರ ಹೋದಾಗ ಎಂಥ ನೀರು ಕುಡಿಯುತ್ತೀರಿ ಅಂತಲೂ ಹೇಳು.

ಉಜ್ಜುವಾಗ ಎದುರಿಗೆ ಕೂರಿಸಿದರೆ ಆಗಲ್ಲ, ಒದೆ ತಿನ್ನುತ್ತೀಯ. ನಿಮ್ಮವರ ತೊಡೆ ಮೇಲೆ ಕಾಲು, ನಿನ್ನ ತೊಡೆ ಮೇಲೆ ತಲೆ, ಹಾಗೆ ಮಲಗಿಸಿ ತುಟಿ ಎತ್ತಿ ಒಸಡಿನ ಅಂಚಿಗೆ ಮೆತ್ತಗೆ ಉಜ್ಜು. ಅಳುತ್ತಾನೆ. ಅತ್ತಾಗ ಬಾಯಿ ಚೆನ್ನಾಗಿ ತೆರೆಯುತ್ತದೆ, ಅದೂ ಒಂದು ಲಾಭ! ಬೆಳಗ್ಗೆ ತಪ್ಪಿದರೂ ರಾತ್ರಿ ತಪ್ಪಿಸಬೇಡ, ಉಜ್ಜಿದ ಮೇಲೆ ನೀರು ಬಿಟ್ಟು ಏನೂ ಇಲ್ಲ. ಬಾಟಲಿ ಬಿಡಿಸಲು ಸಣ್ಣವಳಿಗೆ ನಾನು ಹಾಲಿಗೆ ದಿನಾ ಸ್ವಲ್ಪ ಸ್ವಲ್ಪ ನೀರು ಜಾಸ್ತಿ ಮಾಡಿದೆ, ಹದಿನೈದು ದಿನಕ್ಕೆ ಬರೀ ನೀರಾಯಿತು, ತಾನೇ ಬಾಟಲಿ ಎಸೆದಳು. ಮತ್ತೆ ಆಯಿ ತಮ್ಮ ತಂಬಾಕಿನ ಪುಡಿ ಬೆರಳಿಗೆ ಹಚ್ಚಿ ಕೂಸಿನ ಬಾಯಿಗೆ ಹಾಕದ ಹಾಗೆ ನೋಡಿಕೋ, ಪ್ರೀತಿಯಿಂದಲೇ ಮಾಡ್ತಾರೆ, ಆದರೂ ಬೇಡ.

ಈಗ ಕಿಟಕಿ ಹತ್ತಿರ ಕರೆದುಕೊಂಡು ಹೋಗಿ ಮೇಲಿನ ತುಟಿ ಎತ್ತಿ ನೋಡು. ಬಿಳಿ ಗೆರೆ ಕಂಡರೆ ಈ ವಾರವೇ ಡಾಕ್ಟರ್ ಹತ್ತಿರ ಹೋಗು, ಆ ಹಂತದಲ್ಲಿ ವಾರ್ನಿಶ್ ಅಂತ ಹಲ್ಲಿಗೆ ಬಳಿಯುವ ಫ್ಲೋರೈಡ್ ಔಷಧ ಹಚ್ಚಿ ತಡೆಯಬಹುದು. ಫೋಟೋ ನನಗೊಬ್ಬಳಿಗೇ ಕಳಿಸು, ಗ್ರೂಪಿಗೆ ಹಾಕಿದರೆ ಕಾಕಾ ಲವಂಗದ ಎಣ್ಣೆ ಹಚ್ಚು ಅಂತ ಶುರು ಮಾಡುತ್ತಾರೆ.