ಪದ ಬೇಕು, ನಾಳೆಯೊಳಗೆ: ‘ಎಮರ್ಜೆನ್ಸಿ ಸರ್ಟಿಫಿಕೇಟ್’ಗೆ ಕನ್ನಡದಲ್ಲಿ ಏನನ್ನೋಣ?

ವಾಸ್ಕೋದಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಗೋವಾದ ಬೈನಾ, ಝುವಾರಿನಗರದ ನಮ್ಮ ಮಂದಿಗಾಗಿ ಈ ಭಾನುವಾರ ಪಾಸ್‌ಪೋರ್ಟ್ ಸಹಾಯದ ಟೇಬಲ್ ಹಾಕುತ್ತಿದ್ದೇವೆ. ವಿಜಯಪುರ, ಬಾಗಲಕೋಟೆ, ಗದಗದ ಕಡೆಯಿಂದ ದುಡಿಯಲು ಬಂದು ಇಲ್ಲೇ ನೆಲೆನಿಂತವರ ಮಕ್ಕಳು ಈಗ ದುಬೈ, ಕುವೈತ್, ಮಸ್ಕತ್ ಅಂತ ಹೊರಟಿದ್ದಾರೆ. ಫ್ಲೆಕ್ಸ್ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಉಳಿದದ್ದೆಲ್ಲ ಆಯಿತು, ಒಂದು ಕಡೆ ಸಿಕ್ಕಿಕೊಂಡಿದ್ದೇವೆ. ಪರದೇಶದಲ್ಲಿ ಪಾಸ್‌ಪೋರ್ಟ್ ಕಳೆದುಹೋದವರಿಗೆ, ಭಾರತಕ್ಕೆ ಬರುವುದಕ್ಕೆ ಮಾತ್ರ ನಮ್ಮ ರಾಯಭಾರ ಕಚೇರಿ ಕೊಡುವ ಕಾಗದಕ್ಕೆ ಏನನ್ನಬೇಕು? ಕರಡಿನಲ್ಲಿ ‘ತುರ್ತು ಪ್ರಮಾಣಪತ್ರ’ ಅಂತಿತ್ತು. ಅದನ್ನು ಓದಿಸಿಕೊಂಡ ತಾಯಿಯೊಬ್ಬರು “ಇದು ದವಾಖಾನಿದೇನ್ರಿ?” ಎಂದು ಕೇಳಿದರು. ಹಾಗೇ ‘ಕಾನ್ಸುಲೇಟ್’ಗೆ ‘ವಾಣಿಜ್ಯ ದೂತಾವಾಸ’ ನಡೆಯುತ್ತದೆಯೇ?

ಮಾಟುಂಗಾದಿಂದ:

‘ಪ್ರತ್ಯಾಗಮನ ಮುದ್ರೆ’ ಅನ್ನಿ, ಮರಳಿ ಬರುವುದಕ್ಕೆ ಕೊಡುವ ಮುದ್ರೆ. ಪಾಸ್‌ಪೋರ್ಟಿಗೆ ಪದ ಇಲ್ಲವೆಂದು ಕೊರಗುವವರು ಕೌಟಿಲ್ಯನ ಅರ್ಥಶಾಸ್ತ್ರ ತೆಗೆದು ನೋಡಲಿ. ಮುದ್ರಾಧ್ಯಕ್ಷನೆಂಬ ಅಧಿಕಾರಿಯೇ ಇದ್ದ. ಒಂದು ಮಾಷಕ ನಾಣ್ಯ ತೆಗೆದುಕೊಂಡು ಮುದ್ರೆ ಕೊಡುತ್ತಿದ್ದ, ಮುದ್ರೆ ಇದ್ದವನಿಗಷ್ಟೇ ನಾಡಿನೊಳಕ್ಕೆ ಬರಲು, ಹೊರಗೆ ಹೋಗಲು ಅಪ್ಪಣೆ. ಪಾಸ್‌ಪೋರ್ಟ್ ಎಂದರೆ ಇದೇ ಅಲ್ಲವೇ? ‘ರಹದಾರಿ’ಯೂ ಆದೀತು, ಅದರಲ್ಲಿ ನಮ್ಮ ‘ದಾರಿ’ ಇದೆ.

ಪುಣೆಯಿಂದ:

ಇಲ್ಲ. ‘ರಹದಾರಿ’ಯಲ್ಲಿ ಕನ್ನಡದ ದಾರಿ ಇಲ್ಲವೇ ಇಲ್ಲ. ಅದು ಇಡಿಯಾಗಿ ಪಾರಸಿ. ದಾರಿ ಎಂಬ ಅರ್ಥವಿರುವುದು ಮೊದಲ ‘ರಾಹ್’ನಲ್ಲಿ. ಕೊನೆಯ ‘ದಾರಿ’ ಜಮೀನ್ದಾರಿ, ಜವಾಬ್ದಾರಿಗಳಲ್ಲಿ ಬರುವ ಪ್ರತ್ಯಯ. ಅಲ್ಲದೆ ಕರ್ನಾಟಕದಲ್ಲಿ ಇವತ್ತು ರಹದಾರಿ ಎಂದರೆ ಬಸ್ಸು ಲಾರಿಗಳ ಪರ್ಮಿಟ್ಟು. ‘ಪ್ರತ್ಯಾಗಮನ’ದ ಬಗ್ಗೆ ಮಾತೇ ಬೇಡ, ಝುವಾರಿನಗರದಲ್ಲಿ ಅದನ್ನು ಯಾರು ಉಚ್ಚರಿಸುತ್ತಾರೆ? ‘ಮರಳುಪತ್ರ’ ಎಂದರೆ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದದ್ದು. ‘ಮರಳೋಲೆ’ ಎನ್ನಿ. ಎರಡೂ ಕನ್ನಡದ ಪದ, ಸಂಧಿಯೂ ಸರಿ.

ಮಾಟುಂಗಾದಿಂದ:

ಮರಳಿನ ಓಲೆ. ಹೊಳೆಯಿಂದ ಮರಳು ಸಾಗಿಸುವ ಪರವಾನಗಿ ಎಂದುಕೊಳ್ಳುತ್ತಾರೆ. ಬೇಡ.

ಪುಣೆಯಿಂದ:

ಆ ಮಂದಿ ಅದಕ್ಕೆ ‘ಉಸುಕು’ ಅನ್ನುತ್ತಾರೆ, ಮರಳು ಅನ್ನುವುದಿಲ್ಲ. ನಿಮ್ಮ ಆಕ್ಷೇಪ ಅಲ್ಲಿಗೆ ಮುಗಿಯಿತು.

ಅಂಧೇರಿಯಿಂದ:

ಕೊಲ್ಲಿಗೆ ಹೋಗುವವರ ಕಾಗದಪತ್ರ ನೋಡುವುದೇ ನನ್ನ ದಿನನಿತ್ಯದ ಕೆಲಸ. ಆದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಹಿರಿಯರು ಬೇಸರಿಸಬೇಡಿ.

ಅಲ್ಲಿ ದುಡಿಯುವವರ ಬಾಯಲ್ಲಿ ಇದಕ್ಕೆ ಪದ ಈಗಾಗಲೇ ಇದೆ: ‘ಔಟ್‌ಪಾಸ್’. ಮಂಗಳೂರಿನವರು, ಕಲಬುರಗಿಯವರು, ಮಲಯಾಳಿಗಳು, ಎಲ್ಲರೂ ಹಾಗೇ ಅನ್ನುವುದು. ಹಾಗೆಂದು ಬರೀ ‘ಔಟ್‌ಪಾಸ್’ ಎಂದು ಬರೆದು ಬಿಟ್ಟರೆ ಅಪಾಯವಿದೆ. ಅದೇ ಹೆಸರಿನಲ್ಲಿ ಜನ ಎರಡು ಬೇರೆ ಬೇರೆ ಕಾಗದಗಳನ್ನು ಕರೆಯುತ್ತಾರೆ. ಒಂದು, ನಮ್ಮ ರಾಯಭಾರ ಕಚೇರಿ ಕೊಡುವ ಇ.ಸಿ., ಅಂದರೆ ಎಮರ್ಜೆನ್ಸಿ ಸರ್ಟಿಫಿಕೇಟ್. ಅದರಿಂದ ಭಾರತದೊಳಕ್ಕೆ ಬರಬಹುದು, ಒಂದೇ ಸಲ. ಇನ್ನೊಂದು, ಆ ದೇಶದ ವಲಸೆ ಇಲಾಖೆ ಕೊಡುವ ಹೊರಡುವ ಅನುಮತಿ. ವೀಸಾ ಅವಧಿ ಮೀರಿದವನ ಹತ್ತಿರ ಇ.ಸಿ. ಇದ್ದರೂ ಈ ಎರಡನೆಯದು ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಟಿಕೆಟ್ಟಿನ ದುಡ್ಡು ನೀರುಪಾಲು. ಕೈಯಲ್ಲಿ ಇ.ಸಿ. ಹಿಡಿದುಕೊಂಡು “ಔಟ್‌ಪಾಸ್ ಐತಲ್ರೀ, ಯಾಕ್ ಬಿಡವಲ್ರು?” ಎಂದು ಫೋನಿನಲ್ಲಿ ಅತ್ತವರನ್ನು ನಾನು ಕೇಳಿದ್ದೇನೆ. ಮರಳೋಲೆಯೋ ಮುದ್ರೆಯೋ, ನೀವು ಕಟ್ಟುವ ಪದ ಈ ವ್ಯತ್ಯಾಸವನ್ನು ಹೇಳುತ್ತದೆಯೇ?

‘ವಾಣಿಜ್ಯ ದೂತಾವಾಸ’ ದಯವಿಟ್ಟು ಬೇಡ. ಅದು ಹಿಂದಿಯಿಂದ ಎತ್ತಿ ಇಟ್ಟದ್ದು. ವ್ಯಾಪಾರಿಗಳ ಆಫೀಸು ಎಂದುಕೊಂಡು ಕೂಲಿಯವನು ಮೆಟ್ಟಿಲು ಹತ್ತುವುದಿಲ್ಲ. 1963ರ ವಿಯೆನ್ನಾ ಒಪ್ಪಂದದ ಪ್ರಕಾರ ತನ್ನ ದೇಶದವರಿಗೆ ಪಾಸ್‌ಪೋರ್ಟ್ ಕೊಡುವುದು, ಕಷ್ಟದಲ್ಲಿ ನೆರವಾಗುವುದು, ಬಂಧನವಾದವರನ್ನು ಹೋಗಿ ಕಾಣುವುದು ಎಲ್ಲ ಕಾನ್ಸುಲೇಟಿನ ಕೆಲಸವೇ. ದುಬೈಯಲ್ಲಿರುವವನಿಗೆ ಬೇಕಾದದ್ದು ದುಬೈಯ ಕಾನ್ಸುಲೇಟು. ರಾಯಭಾರ ಕಚೇರಿ ಇರುವುದು ಅಬುಧಾಬಿಯಲ್ಲಿ. ಟ್ಯಾಕ್ಸಿಯವನಿಗೆ ಹೇಳಲಿಕ್ಕಾದರೂ ‘ಕಾನ್ಸುಲೇಟ್’ ಎಂದೇ ಗೊತ್ತಿರಬೇಕು.

ಪುಣೆಯಿಂದ:

ಪದ ಕೇಳಿದರೆ ಪ್ರಬಂಧ ಬಂತು. ‘ಔಟ್‌ಪಾಸ್’ ಇರಲಿ, ‘ಕಾನ್ಸುಲೇಟ್’ ಇರಲಿ, ‘ಇ.ಸಿ.’ ಇರಲಿ ಎಂದರೆ ಕನ್ನಡ ಎಲ್ಲಿ ಉಳಿಯಿತು, ಅಕ್ಕಾ? ಹೊರನಾಡಿನಲ್ಲಿದ್ದೇವೆ ಎಂಬ ಕಾರಣಕ್ಕೇ ನಾವು ಇನ್ನಷ್ಟು ಬಿಗಿಯಾಗಿರಬೇಕು. ಮುಂಬಯಿಯಲ್ಲಿ ರಾತ್ರಿಶಾಲೆ ಕಟ್ಟಿ ಕನ್ನಡ ಕಲಿಸಿದವರು ಹೀಗೆ ಸಡಿಲ ಬಿಟ್ಟಿದ್ದರೆ ಇವತ್ತು ಈ ಚರ್ಚೆಯೇ ಇರುತ್ತಿರಲಿಲ್ಲ.

ಅಂಧೇರಿಯಿಂದ:

ರಾತ್ರಿಶಾಲೆಗೆ ಬಂದವರು ಹೋಟೆಲಿನಲ್ಲಿ ದುಡಿದು ಬಂದ ಹುಡುಗರು, ಸರ್. ಅವರ ಬಾಯಲ್ಲಿದ್ದದ್ದು ‘ಪಗಾರ’. ಅದು ಪೋರ್ಚುಗೀಸಿನಿಂದ ಬಂದದ್ದು. ‘ಅರ್ಜಿ’ ‘ಸಹಿ’ ‘ದಾಖಲೆ’ ಅರಬ್ಬಿಯಿಂದ. ಇವನ್ನೆಲ್ಲ ತೆಗೆದು ನೀವೊಂದು ಪಾಸ್‌ಪೋರ್ಟ್ ಫಾರ್ಮ್ ಕನ್ನಡದಲ್ಲಿ ತುಂಬಿ ಕಳಿಸಿ, ನೋಡೋಣ.

ಮಾಟುಂಗಾದಿಂದ:

ಹಳೆಯ ಎರವಲಿಗೂ ಇಂದಿನ ಸೋಮಾರಿತನಕ್ಕೂ ವ್ಯತ್ಯಾಸ ಇದೆ. ಪಗಾರ ನಾಲಿಗೆಯ ಮೇಲೆ ಹೊರಳಿ ಕನ್ನಡವಾಯಿತು.

ಅಂಧೇರಿಯಿಂದ:

ಔಟ್‌ಪಾಸೂ ಹೊರಳಿದೆ. “ಔಟ್‌ಪಾಸ್ ಹೊಡೆದ” ಅನ್ನುತ್ತಾರೆ ಕುವೈತಿನಿಂದ ಬಂದವರು. ನಿಮ್ಮ ಕಿವಿಗೆ ಬಿದ್ದಿಲ್ಲ, ಅಷ್ಟೇ.

ವಾಸ್ಕೋದಿಂದ:

ಎಲ್ಲರಿಗೂ ಉಪಕಾರ. ನಿನ್ನೆ ರಾತ್ರಿ ಮೂರು ರೀತಿ ಬರೆದು ಬೈನಾದ ನಾಲ್ಕು ಮನೆಯಲ್ಲಿ ಓದಿಸಿದೆ. ‘ಮರಳೋಲೆ’ ಕೇಳಲು ಚೆಂದ ಅಂದರು, ಏನೆಂದು ಯಾರಿಗೂ ತಿಳಿಯಲಿಲ್ಲ. ಅಚ್ಚಿಗೆ ಹೋಗುವುದು ಹೀಗೆ:

“ಪರದೇಶದಾಗ ಪಾಸ್‌ಪೋರ್ಟ್ ಕಳದೈತಿ? ಊರಿಗೆ ಬರಾಕ ಭಾರತದ ರಾಯಭಾರ ಕಚೇರಿ ಇಲ್ಲಾ ಕಾನ್ಸುಲೇಟ್ ಪತ್ರ ಕೊಡತೈತಿ. ಇದಕ್ಕ ಇ.ಸಿ. ಅಂತಾರ, ಔಟ್‌ಪಾಸ್ ಅಂತನೂ ಅಂತಾರ. ವೀಸಾ ಮುಗಿದಿದ್ರ ಆ ದೇಶದ ಅನುಮತಿನೂ ಬ್ಯಾರೆ ತಗೋಬೇಕು.”

ಪುಣೆಯಿಂದ:

ಫಲಕದಲ್ಲಿ ಆಡುಮಾತು ಬರೆಯುವುದನ್ನು ನಾನು ಒಪ್ಪುವುದಿಲ್ಲ. ‘ಕಳೆದಿದೆಯೇ’, ‘ಬರಲು’ ಎಂದು ತಿದ್ದಿ. ‘ಮರಳೋಲೆ’ಯನ್ನು ಸಣ್ಣ ಅಕ್ಷರದಲ್ಲಾದರೂ ಹಾಕಿ, ಬಳಸದೆ ಯಾವ ಪದವೂ ಬಳಕೆಗೆ ಬರುವುದಿಲ್ಲ.

ಅಂಧೇರಿಯಿಂದ:

ತಿದ್ದಬೇಡಿ, ಹೀಗೇ ಇರಲಿ. ಜಾಗ ಉಳಿದರೆ ಎರಡು ಸಾಲು ಸೇರಿಸಿ. ಪಾಸ್‌ಪೋರ್ಟ್ ಕಳೆದ ಕೂಡಲೇ ಅಲ್ಲಿಯ ಪೊಲೀಸರಿಗೆ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಬೇಕು. ಮಾಲೀಕ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೆ ಅದೂ ಕಾನ್ಸುಲೇಟಿಗೆ ಹೇಳುವ ವಿಷಯವೇ: 1967ರ ಪಾಸ್‌ಪೋರ್ಟ್ ಕಾಯಿದೆಯಂತೆ ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಮಾಲೀಕನದಲ್ಲ. ಮತ್ತೆ ಭಾನುವಾರ ಬಂದವರಿಗೆಲ್ಲ ಪಾಸ್‌ಪೋರ್ಟಿನ ಮೊದಲ, ಕೊನೆಯ ಪುಟದ ಫೋಟೋ ತೆಗೆದು ಮನೆಯವರ ಮೊಬೈಲಿಗೆ ಕಳಿಸಿಕೊಳ್ಳಲು ಹೇಳಿ. ಇ.ಸಿ. ಕೊಡುವ ಮೊದಲು ಅರ್ಜಿದಾರ ಭಾರತೀಯನೇ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ, ಆಗ ಆ ಫೋಟೋ ಕೆಲಸಕ್ಕೆ ಬರುತ್ತದೆ.