ಅಪ್‌ಡೇಟ್: ಅಡಿಕೆ ದುಡ್ಡು ಗೃಹಸಾಲಕ್ಕೇ ಕಟ್ಟಿದೆವು

ಶಿರಸಿ ಮನೆಯ ಸಾಲ 14 ಲಕ್ಷ ಬಾಕಿ, ಬಡ್ಡಿ 9%, ಇನ್ನೂ 13 ವರ್ಷ. ನನಗೀಗ 48. ಕೈಗೆ ಬಂದ 4 ಲಕ್ಷ ಅಡಿಕೆ ದುಡ್ಡನ್ನು ಏನು ಮಾಡಲಿ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಕೆಲವರು ಕುಮಟಾ ಕಡೆ ಸೈಟು ತಗೊಳ್ಳಿ ಅಂದಿದ್ದರು. ಹೋಗಿ ನೋಡಿದೆವು, ಜಾಗ ಚೆಂದ. ಆದರೆ ಪಹಣಿಯಲ್ಲಿ ಇನ್ನೂ ಕೃಷಿ ಜಮೀನು, ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿಲ್ಲ. ಬಿಟ್ಟೆವು. ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸುವುದೂ ಗಿಟ್ಟಲಿಲ್ಲ, ಶುಲ್ಕಗಳೇ ಜಾಸ್ತಿ.

ಕೆಲಸಕ್ಕೆ ಬಂದಿದ್ದು "ಅಸಲಿಗೆ ಕಟ್ಟಿ, ಕಂತು ಹಾಗೇ ಇಡಿ" ಎಂಬ ಸಲಹೆ. ಬ್ಯಾಂಕಿನ ಅರ್ಜಿಯಲ್ಲಿ ಎರಡು ಚೌಕ ಇರುತ್ತವೆ: ಕಂತು ಇಳಿಸಬೇಕಾ, ಅವಧಿ ಇಳಿಸಬೇಕಾ ಅಂತ. ಅವಧಿಗೇ ಟಿಕ್ ಹಾಕಿ, ಕಂತುಗಳ ಹೊಸ ಪಟ್ಟಿ ಕೈಗೆ ತಗೊಂಡೇ ಬನ್ನಿ. ತಿಂಗಳ ಕಂತು ಅದೇ ಸುಮಾರು 15,250. ಆದರೆ 13 ವರ್ಷ ಇದ್ದಿದ್ದು ಏಳೂವರೆಗೆ ಇಳಿಯಿತು! ನಿವೃತ್ತಿಗೆ ಮೊದಲೇ ಸಾಲ ಮುಗಿಯುತ್ತದೆ, ಅದೇ ದೊಡ್ಡ ಸಮಾಧಾನ.

ಗೊತ್ತಿರದಿದ್ದ ಇನ್ನೊಂದು ವಿಷಯ: ಬದಲಾಗುವ ಬಡ್ಡಿಯ ಗೃಹಸಾಲವನ್ನು ಮುಂಚೆ ಕಟ್ಟಿದರೆ ದಂಡ ಹಾಕುವಂತಿಲ್ಲ, ಆರ್‌ಬಿಐ ನಿಯಮವೇ ಇದೆ. ಮುಂದಿನ ಕೊಯ್ಲಿನ ದುಡ್ಡಲ್ಲಿ ಮೊದಲು ಮಗಳ ಕಾಲೇಜು ಫೀಸು. ಉಳಿದದ್ದು ಮತ್ತೆ ಅಸಲಿಗೆ.